ಎತ್ತರಿಸಿದ ಜೀಪಿನ ಸ್ಟೀರಿಂಗ್ ಹಿಡಿತಕ್ಕೆ ತರುವುದು ಹೇಗೆ: ಕೊಡಗಿನ ತೋಟದ ದಾರಿಗೂ ಘಾಟಿಗೂ

ಎರಡಿಂಚು ಎತ್ತರಿಸಿದ ಜಿಪ್ಸಿಯೋ ಮಹೀಂದ್ರ ಜೀಪೋ ತೋಟದೊಳಗೆ ಚೆನ್ನಾಗಿಯೇ ಓಡುತ್ತದೆ. ಮಂಡಲಪಟ್ಟಿ ಕಡೆಯ ಕಲ್ಲು ದಾರಿಯಲ್ಲಿ ಹೊಟ್ಟೆ ತಾಗುವುದಿಲ್ಲ, ಗದ್ದೆಯ ಬದು ಹತ್ತುವಾಗ ಬಂಪರ್ ಮಣ್ಣು ಬಗೆಯುವುದಿಲ್ಲ. ತೊಂದರೆ ಶುರುವಾಗುವುದು ಟಾರು ರಸ್ತೆಗೆ ಬಂದ ಮೇಲೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಐವತ್ತರ ವೇಗದಲ್ಲಿ ಒಂದು ಗುಂಡಿಗೆ ಬಿದ್ದರೆ ಮುಂದಿನ ಎರಡೂ ಚಕ್ರ ಗಡಗಡ ನಡುಗಲು ಶುರುವಾಗಿ, ಗಾಡಿ ನಿಲ್ಲಿಸುವವರೆಗೂ ಬಿಡುವುದಿಲ್ಲ.

ಇದಕ್ಕೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಹೊಡೆತ ತಗ್ಗಿಸುವ, ಶಾಕ್ ಅಬ್ಸಾರ್ಬರಿನಂಥ ಭಾಗ) ಹಾಕಿಸುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ಅಲ್ಲಾಟ ತೆಗೆಯುವುದು ಮೊದಲು, ಕೋನ ಸರಿಪಡಿಸುವುದು ನಂತರ, ಹೊಸ ಸಾಮಾನು ಅದಾದ ಮೇಲೆ. ಸವೆದ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಬರುವ ಅಂಕಿಯೇ ಸುಳ್ಳು.

ಇಲ್ಲಿ ಹೇಳುವುದು ಮುಂದೆಯೂ ಲೀಫ್ ಸ್ಪ್ರಿಂಗ್, ಇಡೀ ಆಕ್ಸಲ್ ಇರುವ ಗಾಡಿಗಳಿಗೆ, ಅಂದರೆ ಜಿಪ್ಸಿ, ಎಂಎಂ 540, ಎಂಎಂ 550, ಥಾರ್ ಡಿಐ ಮುಂತಾದವಕ್ಕೆ. ಟಾರ್ಷನ್ ಬಾರ್ (ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಉಕ್ಕಿನ ಕೋಲು) ಇರುವ ಥಾರ್ ಸಿಆರ್‌ಡಿಇ ಬಗ್ಗೆ ಕೊನೆಯ ಕಡೆ ಬೇರೆಯಾಗಿ ಬರೆದಿದೆ.

ಎತ್ತರಿಸಿದಾಗ ಕೆಡುವುದೇನು

ಮುಂದಿನ ಚಕ್ರ ಎಡ ಬಲ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಆ ವಾಲಿಕೆಯೇ ಕ್ಯಾಸ್ಟರ್. ಜಿಪ್ಸಿಯಲ್ಲಿ, ಹಳೆಯ ಜೀಪುಗಳಲ್ಲಿ ಇದು ಮೂರು, ಮೂರೂವರೆ ಡಿಗ್ರಿಯ ಆಸುಪಾಸು. ತಿರುವು ಮುಗಿದಾಗ ಚಕ್ರವನ್ನು ನೇರಕ್ಕೆ ತರುವುದು ಇದೇ.

ಈ ಗಾಡಿಗಳಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಸಾಮಾನ್ಯವಾಗಿ ಮುಂತುದಿಯಲ್ಲಿರುತ್ತದೆ. ಅಲ್ಲಿ ಮೂಲಕ್ಕಿಂತ 50 ಮಿ.ಮೀ. ಹೆಚ್ಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏರುವುದು ಅದರ ಅರ್ಧ, 25 ಮಿ.ಮೀ. ಮಾತ್ರ. ಆದರೆ ಸ್ಪ್ರಿಂಗಿನ ಮುಂತುದಿ ಚಾಸಿಯಿಂದ 50 ಮಿ.ಮೀ. ಕೆಳಗಿಳಿಯುತ್ತದೆ. ಕಣ್ಣಿಂದ ಕಣ್ಣಿಗೆ (ತುದಿಯ ತೂತಿಂದ ತೂತಿಗೆ) ಒಂದು ಮೀಟರ್ ಇರುವ ಸ್ಪ್ರಿಂಗ್ ಎಂದುಕೊಂಡರೆ ಆಕ್ಸಲ್ ಸುಮಾರು 3 ಡಿಗ್ರಿ ಮುಂದಕ್ಕೆ ಉರುಳಿದಂತೆ. ಇದ್ದ ಮೂರೂವರೆಯಲ್ಲಿ ಉಳಿಯುವುದು ಅರ್ಧ ಡಿಗ್ರಿ. ಒಂದಿಂಚು ಎತ್ತರಕ್ಕೆ ಇದು ಬಹಳ ದುಬಾರಿ ಬೆಲೆ. ಶ್ಯಾಕಲ್‌ನಿಂದ ಎತ್ತರ ಪಡೆಯುವುದಾದರೆ ಮೂಲಕ್ಕಿಂತ 25 ಮಿ.ಮೀ. ಹೆಚ್ಚಿಗೆ ನಿಲ್ಲಿಸಿಬಿಡಿ, ಮಿಕ್ಕಿದ್ದನ್ನು ಹೆಚ್ಚು ಬಾಗಿನ ಹೊಸ ಸ್ಪ್ರಿಂಗ್ ಸೆಟ್‌ನಿಂದ ಪಡೆಯಿರಿ. ಹಿಂದೆ ಮುಂದೆ ಸಮನಾಗಿ ಬಾಗು ಹೆಚ್ಚಿಸಿದರೆ ಕ್ಯಾಸ್ಟರ್ ಅಷ್ಟಾಗಿ ಬದಲಾಗುವುದಿಲ್ಲ.

ಹಿಂಭಾಗವನ್ನು ಮಾತ್ರ ಎತ್ತಿದರೂ ಕ್ಯಾಸ್ಟರ್ ಹೋಗುತ್ತದೆ. ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ಹಿಂದೆ 40 ಮಿ.ಮೀ. ಏರಿಸಿದರೆ ಇಡೀ ಚಾಸಿ ಸುಮಾರು 1 ಡಿಗ್ರಿ ಮುಂದಕ್ಕೆ ವಾಲುತ್ತದೆ, ಅಷ್ಟೇ ಕ್ಯಾಸ್ಟರ್ ಕಡಿಮೆ. ಕಾಫಿ ಚೀಲ ಹೇರಿದಾಗ ಇದರ ತಿರುಗುಮುರುಗು: 50 ಕೆ.ಜಿ.ಯ ಎಂಟು ಚೀಲ ಹಿಂದೆ ಬಿದ್ದರೆ ಹಿಂಭಾಗ ಕುಸಿದು ಕ್ಯಾಸ್ಟರ್ ಹೆಚ್ಚುತ್ತದೆ, ಆದರೆ ಮುಂಚಕ್ರದ ಮೇಲೆ ಭಾರ ಕಡಿಮೆಯಾಗಿ ಸ್ಟೀರಿಂಗ್ ತೇಲುತ್ತದೆ. ಹಾಗಾಗಿ ಗಾಡಿ ವರ್ಷದಲ್ಲಿ ಹೆಚ್ಚು ದಿನ ಎಷ್ಟು ಭಾರ ಹೊತ್ತು ಓಡುತ್ತದೋ ಅಷ್ಟು ಭಾರ ಇಟ್ಟುಕೊಂಡೇ ಅಳತೆ ಮಾಡಬೇಕು.

ಇನ್ನೊಂದು ಡ್ರ್ಯಾಗ್ ಲಿಂಕ್, ಅಂದರೆ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡ್. ಗಾಡಿ ಏರಿದಾಗ ಸ್ಟೀರಿಂಗ್ ಬಾಕ್ಸ್ ಚಾಸಿಯ ಜೊತೆ ಮೇಲೆ ಹೋಗುತ್ತದೆ, ಆಕ್ಸಲ್ ಕೆಳಗೇ ಉಳಿಯುತ್ತದೆ. ನಡುವಿನ ರಾಡ್ ಓರೆಯಾಗುತ್ತದೆ. ಅದರ ಲೆಕ್ಕ ಮುಂದೆ ಬರುತ್ತದೆ.

ಕೊಡಗಿನ ದಾರಿಗಳಿಗೆ 50 ಮಿ.ಮೀ. ಎತ್ತರ ಮತ್ತು 235/75 ಆರ್ 15 ಟಯರ್ ಸಾಕು. ಅದಕ್ಕಿಂತ ಮೇಲೆ ಹೋದಷ್ಟೂ ಘಾಟಿಯ ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ನೋಂದಣಿ ಪುಸ್ತಕದ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಗೆ ಇಳಿಸುವ ಗಾಡಿಯಾದರೆ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲೇ ಕೇಳಿಕೊಳ್ಳಿ. ಸವೆದ ಭಾಗ ಬದಲಿಸಲು, ಕೋನವನ್ನು ಮೂಲ ಅಂಕಿಗೆ ತರಲು ಯಾರ ಅಡ್ಡಿಯೂ ಇಲ್ಲ. ಈ ಬರಹದ ಹೆಚ್ಚಿನ ಕೆಲಸ ಅದೇ.

ಜಾಗ ಮತ್ತು ಸಲಕರಣೆ

ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಗಾಡಿಯನ್ನು ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿದರೆ ಮುಂದೆ ಹಿಂದೆ ಮಟ್ಟ ಒಂದೇ ಸಿಗುತ್ತದೆ. ಹಣ್ಣು ಹರಡುವ ಮೊದಲು, ಅಂದರೆ ಮಳೆ ಬಿಟ್ಟ ಅಕ್ಟೋಬರ್‌ನಲ್ಲಿ, ಈ ಕೆಲಸ ಮುಗಿಸಿಕೊಳ್ಳುವುದು ಮೇಲು. ಅರೇಬಿಕಾ ಕೊಯ್ಲು ಶುರುವಾದ ಮೇಲೆ ಕಣವೂ ಸಿಗದು, ಗಾಡಿಗೂ ಬಿಡುವಿಲ್ಲ.

ಬೇಕಾದ್ದು ಎರಡು ಟನ್ನಿನ ಜಾಕಿ, ಎರಡು ಗಟ್ಟಿ ಸ್ಟ್ಯಾಂಡ್, ಟಾರ್ಕ್ ರೆಂಚ್, ಬಾಲ್ ಜಾಯಿಂಟ್ ಪುಲ್ಲರ್, ಅಯಸ್ಕಾಂತದ ಕೋನಮಾಪಕ, ಟೇಪು, ಸೀಮೆಸುಣ್ಣ, ಒಂದು ಮೊಳೆ, ಗ್ರೀಸ್ ಗನ್, 5 ಕೆ.ಜಿ.ಯ ಕೊಕ್ಕೆ ತಕ್ಕಡಿ. ಕಾಫಿ ತೂಗುವ ದೊಡ್ಡ ತಕ್ಕಡಿ ಇಲ್ಲಿ ಉಪಯೋಗಕ್ಕೆ ಬಾರದು, ಅದರಲ್ಲಿ ಒಂದು ಕಿಲೋ ಗೊತ್ತೇ ಆಗುವುದಿಲ್ಲ. ಸ್ಟ್ಯಾಂಡ್ ಬದಲು ಕೆಂಪು ಕಲ್ಲು ಇಡುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಮಳೆ ಕುಡಿದ ಕೆಂಪು ಕಲ್ಲು ಸೂಚನೆಯನ್ನೇ ಕೊಡದೆ ಪುಡಿಯಾಗುತ್ತದೆ. ಅದರಡಿ ಯಾರೂ ಮಲಗಬಾರದು.

ಹಂತ 1: ಅಲ್ಲಾಟ ಎಲ್ಲಿದೆ ಎಂದು ಹುಡುಕುವುದು

ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರಲಿ. ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಗೇಣಿನಷ್ಟು ಚಕಚಕನೆ ಆಡಿಸಲಿ. ಇನ್ನೊಬ್ಬರು ಅಡಿಯಲ್ಲಿ ಮಲಗಿ ಪ್ರತಿ ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಲಿ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್ ಬೆರಳಿಗೆ ಸಿಗುತ್ತದೆ. ಸ್ಟೀರಿಂಗ್ ಕಡೆಯಿಂದ ಚಕ್ರದ ಕಡೆಗೆ ಹೋಗಿ: ಕಾಲಮ್ಮಿನ ಯೂನಿವರ್ಸಲ್ ಜಾಯಿಂಟ್ ಇಲ್ಲವೇ ರಬ್ಬರ್ ಕಪ್ಲಿಂಗ್, ಬಾಕ್ಸ್ ಚಾಸಿಗೆ ಕೂರುವ ಬೋಲ್ಟುಗಳು, ಡ್ರಾಪ್ ಆರ್ಮ್ (ಬಾಕ್ಸಿನಿಂದ ಕೆಳಕ್ಕೆ ಬರುವ ತೋಳು), ಡ್ರ್ಯಾಗ್ ಲಿಂಕಿನ ಎರಡು ತುದಿ, ಎರಡೂ ಮುಂಚಕ್ರಗಳನ್ನು ಜೋಡಿಸುವ ಟೈ ರಾಡಿನ ಎರಡು ತುದಿ. ಬೆಲ್ ಕ್ರ್ಯಾಂಕ್ (ನಡುವಿನ ತಿರುಗುವ ತೋಳು) ಇರುವ ಹಳೆಯ ಜೀಪಾದರೆ ಅದರ ಪಿನ್ ಮತ್ತು ಬುಷ್ ಮರೆಯಬೇಡಿ.

ಬಾಕ್ಸಿನ ಬೋಲ್ಟುಗಳ ಸುತ್ತ ಚಾಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಟಾರ್ಚ್ ಹಿಡಿದು ನೋಡಿ. ದೊಡ್ಡ ಟಯರ್ ಹಾಕಿದ ಗಾಡಿಗಳಲ್ಲಿ ಬಿರುಕು ಬಿಡುವ ಜಾಗ ಅದೇ. ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು ಎಂದೇ ತಿಳಿಯಿರಿ. ಅಲ್ಲಿ ಪ್ಯಾಚ್ ಇಟ್ಟು ಬೆಸುಗೆ ಹಾಕಿಸದೆ ಮುಂದಿನ ಹಂತಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಈಗ ಆಕ್ಸಲ್ ಎತ್ತಿ ಸ್ಟ್ಯಾಂಡ್ ಕೊಡಿ. ಗಡಿಯಾರದ 3 ಮತ್ತು 9ರ ಜಾಗದಲ್ಲಿ ಟಯರ್ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ಎಂಡ್ ಮೇಲೆ ಅನುಮಾನ. 12 ಮತ್ತು 6ರಲ್ಲಿ ಆಡಿದರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್. ಯಾವುದು ಎಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಈ ಸಣ್ಣ ಪರೀಕ್ಷೆ ಮಾಡದೆ ವೀಲ್ ಬೇರಿಂಗನ್ನು ಬಿಗಿದು ಬಿಗಿದು ಸುಟ್ಟುಕೊಂಡವರು ಕಡಿಮೆಯಲ್ಲ.

ಟೈ ರಾಡ್ ಎಂಡ್ ಸವೆದಿದ್ದರೆ ಒಂದನ್ನೇ ಬದಲಿಸಬೇಡಿ, ಜೋಡಿಯಾಗಿ ಬದಲಿಸಿ. ತೆಗೆಯುವಾಗ ಸುತ್ತಿಗೆಯಿಂದ ಪಿನ್ನಿನ ಎಳೆಗೆ (ಥ್ರೆಡ್ಡಿಗೆ) ಹೊಡೆಯದೆ ಪುಲ್ಲರ್ ಬಳಸಿ. ಹೊಸದನ್ನು ಕೂರಿಸುವ ಮೊದಲು ಆರ್ಮಿನ ತೂತಿಗೆ ನೀಲಿ ಇಂಕನ್ನೋ ಮಾರ್ಕರನ್ನೋ ಹಚ್ಚಿ ಟೇಪರ್ ಪಿನ್ (ತುದಿಗೆ ಕಿರಿದಾಗುವ ಪಿನ್) ತಿರುಗಿಸಿ ನೋಡಿ. ಸುತ್ತಲೂ ಒಂದೇ ಸಮ ಉಜ್ಜಿರಬೇಕು. ಒಂದೇ ಕಡೆ ಉಜ್ಜಿದರೆ ತೂತು ಅಂಡಾಕಾರವಾಗಿದೆ, ಆರ್ಮೇ ಹೋಗಿದೆ ಎಂದರ್ಥ.

ಹಂತ 2: ಕಿಂಗ್ ಪಿನ್

ಚಕ್ರ ನಡುಗುವ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು. ಮುಂದಿನ ಆಕ್ಸಲ್ ತುದಿಯ ಗೋಲದ ಮೇಲೆ ಒಂದು ಸೀಲ್ ಉಜ್ಜುತ್ತಿರುತ್ತದೆ. ಕಕ್ಕಡ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ಕೆಸರು ಹೊಕ್ಕು ಆ ಸೀಲ್ ಹರಿಯುತ್ತದೆ, ಕೆಂಪು ಮಣ್ಣಿನ ನೀರು ಒಳಗೆ ಇಳಿಯುತ್ತದೆ. ಕ್ಯಾಪ್ ಬಿಚ್ಚಿದಾಗ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬೇರಿಂಗಿನ ರೋಲರುಗಳು ತಾವು ಉರುಳುವ ಹೊರಬಳೆಯಲ್ಲಿ (ಕಪ್) ಅಚ್ಚೊತ್ತಿದಂತೆ ಸಾಲು ಗುಳಿ ಮಾಡಿರುತ್ತವೆ. ಅಂಥ ಬೇರಿಂಗನ್ನು ತೊಳೆದು ಮತ್ತೆ ಹಾಕುವುದು ಬೇಡ.

ಕೆಲಸದ ಕ್ರಮ ಹೀಗೆ. ಟೈ ರಾಡ್, ಡ್ರ್ಯಾಗ್ ಲಿಂಕ್ ಎರಡನ್ನೂ ಬಿಚ್ಚಿ. ಚಕ್ರ, ಹಬ್, ಗೋಲದ ಸೀಲ್ ತೆಗೆಯಿರಿ. ಸೀಲ್ ಇದ್ದರೆ ಅದರ ಉಜ್ಜಾಟವೇ ತಕ್ಕಡಿಯಲ್ಲಿ ತೋರುತ್ತದೆ. ಮೇಲಿನ ಮತ್ತು ಕೆಳಗಿನ ಕ್ಯಾಪುಗಳಡಿ ತೆಳು ಶಿಮ್ಮುಗಳು (ಲೋಹದ ಹಾಳೆಗಳು) ಇರುತ್ತವೆ. ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಬೇರೆ ಬೇರೆ ಕಟ್ಟಿಡಿ. ಹೊಸ ಬೇರಿಂಗ್ ಮತ್ತು ಕಪ್ ಕೂರಿಸಿ, ಗ್ರೀಸ್ ತುಂಬಿ, ಹಳೆಯ ಶಿಮ್ಮುಗಳೊಂದಿಗೇ ಕ್ಯಾಪ್ ಬಿಗಿಯಿರಿ. ಟೈ ರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಹಾಕಿ ಆರ್ಮಿಗೆ ಲಂಬವಾಗಿ ಎಳೆಯಿರಿ. ನಕಲ್ (ಚಕ್ರವನ್ನು ಹೊತ್ತು ಕಿಂಗ್ ಪಿನ್ ಮೇಲೆ ತಿರುಗುವ ಭಾಗ) ಕದಲಲು ಶುರುವಾಗುವ ಕ್ಷಣದ ತೂಕ ಓದಿ. ಜಿಪ್ಸಿಯಲ್ಲಿ ಅದು ಸುಮಾರು 1ರಿಂದ 1.8 ಕೆ.ಜಿ. ಇರಬೇಕು. ಬೇರೆ ಗಾಡಿಗೆ ಅದರ ವರ್ಕ್‌ಶಾಪ್ ಪುಸ್ತಕದ ಅಂಕಿ ಹಿಡಿಯಿರಿ. ತೂಕ ಕಡಿಮೆ ಬಂದರೆ ಒಂದು ತೆಳು ಶಿಮ್ ತೆಗೆಯಿರಿ, ಹೆಚ್ಚು ಬಂದರೆ ಸೇರಿಸಿ. ಹಳೆಯ ಜೀಪುಗಳಲ್ಲಿ ಮೇಲೆ ಕೆಳಗೆ ಸಮನಾಗಿ ತೆಗೆಯಬೇಕು, ಇಲ್ಲದಿದ್ದರೆ ನಕಲ್ ಆಕ್ಸಲ್ಲಿನ ನಡುಗೆರೆ ಬಿಟ್ಟು ಮೇಲೋ ಕೆಳಗೋ ಸರಿಯುತ್ತದೆ.

ತಕ್ಕಡಿ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ ಎರಡು ಕಡೆ ಎರಡು ಬಿಗಿತ ಬರುತ್ತದೆ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಅತಿಯಾಗಿ ಬಿಗಿದರೂ ಕೆಡುಕು: ಸ್ಟೀರಿಂಗ್ ತಿರುಗಿಸಿದಲ್ಲೇ ನಿಲ್ಲುತ್ತದೆ.

ಹಂತ 3: ಸ್ಪ್ರಿಂಗು, ಬುಷ್, ಯು ಬೋಲ್ಟ್

ಚಾಸಿ ಮತ್ತು ಆಕ್ಸಲ್ ನಡುವೆ ಸ್ಪ್ರಿಂಗ್ ಬಿಟ್ಟರೆ ಬೇರೆ ಹಿಡಿತವಿಲ್ಲ. ಬುಷ್ ಸವೆದರೆ ಆಕ್ಸಲ್ಲೇ ಅತ್ತಿತ್ತ ಸರಿಯುತ್ತದೆ, ನೀವು ಸ್ಟೀರಿಂಗ್ ಹಿಡಿದಿದ್ದರೂ ಗಾಡಿ ತನ್ನ ದಾರಿ ಹಿಡಿಯುತ್ತದೆ. ಸ್ಪ್ರಿಂಗ್ ಕಣ್ಣಿನ ಪಕ್ಕ ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟಿ ನೋಡಿ. ರಬ್ಬರ್ ಬುಷ್ ಹಿಂಡಿದಂತೆ ಬಾಗಬಹುದು, ಆದರೆ ಪಿನ್ ಬುಷ್ಷಿನೊಳಗೆ ಕುಣಿಯಬಾರದು. ಹೊಸ ರಬ್ಬರ್ ಬುಷ್ ಹಾಕಿದಾಗ ಪಿನ್ನಿನ ನಟ್ ಕೈಬಿಗಿ ಮಾತ್ರ ಮಾಡಿ, ಗಾಡಿಯನ್ನು ನೆಲಕ್ಕಿಳಿಸಿ ಭಾರ ಬಂದ ಮೇಲೆ ಪೂರ್ತಿ ಬಿಗಿಯಿರಿ. ಜಾಕಿ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಒಂದು ಮಳೆಗಾಲಕ್ಕೇ ಹರಿಯುತ್ತದೆ.

ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಿ. ಬಿಗಿಯುವಾಗ ನಾಲ್ಕೂ ನಟ್ಟನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ. 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿತ ನೋಡಿ. ಹೊಸ ಸ್ಪ್ರಿಂಗಿನ ಬಣ್ಣ ನಜ್ಜಿ ಪ್ಲೇಟುಗಳು ಕೂರುವಾಗ ಬಿಗಿತ ಸಡಿಲವಾಗಿಯೇ ಆಗುತ್ತದೆ.

ಲಾರಿಯ ಹಳೆಯ ಪ್ಲೇಟ್ ಒಂದನ್ನು ಕತ್ತರಿಸಿ ಸೇರಿಸಿ ಎತ್ತರಿಸುವವರಿದ್ದಾರೆ. ಎತ್ತರ ಬರುತ್ತದೆ, ನಿಜ. ಜೊತೆಗೆ ಸ್ಪ್ರಿಂಗ್ ಕಲ್ಲಾಗುತ್ತದೆ, ಗುಂಡಿಯ ಮೇಲೆ ಟಯರ್ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಟಯರನ್ನು ಯಾವ ಸ್ಟೀರಿಂಗೂ ತಿರುಗಿಸದು.

ಇಷ್ಟಾದ ಮೇಲೆ ಎಡಗಡೆಯ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೆಯಿರಿ, ಬಲಗಡೆಯೂ ಅಳೆಯಿರಿ. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಆಕ್ಸಲ್ ಓರೆಯಾಗಿ ಕೂತಿದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಕೂರದಿರುವುದು, ಅಥವಾ ಸೆಂಟರ್ ಬೋಲ್ಟ್ ತುಂಡಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಇಂಥ ಗಾಡಿ ಗದ್ದೆ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ, ಹಿಂದಿನಿಂದ ಬರುವವರಿಗೆ ಚೆನ್ನಾಗಿ ಕಾಣುತ್ತದೆ.

ಹಂತ 4: ಟಯರು, ರಿಮ್ಮು

ರಿಮ್ಮಿನ ಒಳಭಾಗ ತೊಳೆಯಿರಿ. ತಮಾಷೆಯಲ್ಲ. ಒಣಗಿದ ಕೆಂಪು ಕೆಸರು ರಿಮ್ಮಿನ ಒಂದೇ ಕಡೆ ಅಂಟಿಕೊಂಡರೆ ಬ್ಯಾಲೆನ್ಸ್ ಕೆಟ್ಟು ನಡುಕ ಬರುತ್ತದೆ, ಗಾಡಿಯ ಮಾಲೀಕ ಅದನ್ನು ಕಿಂಗ್ ಪಿನ್ನಿನ ದೋಷ ಎಂದುಕೊಳ್ಳುತ್ತಾನೆ.

ಜಿಪ್ಸಿಯ ಮೂಲ 205/70 ಆರ್ 15 ಟಯರಿನ ವ್ಯಾಸ ಸುಮಾರು 668 ಮಿ.ಮೀ. 235/75 ಆರ್ 15 ಆದರೆ 733 ಮಿ.ಮೀ. ನೆಲದ ಅಂತರ ಹೆಚ್ಚುವುದು ಅದರ ಅರ್ಧ, 32 ಮಿ.ಮೀ.ನಷ್ಟು. ಮೀಟರ್ 60 ತೋರಿಸುವಾಗ ನಿಜವಾದ ವೇಗ ಸುಮಾರು 66. ಬ್ರೇಕಿಗೂ ಸ್ಟೀರಿಂಗ್ ಬಾಕ್ಸಿಗೂ ಅಷ್ಟೇ ಹೆಚ್ಚಿನ ಹೊರೆ.

ರಿಮ್ ಎಷ್ಟು ಹೊರಗೆ ಚಾಚಿದೆ ಎನ್ನುವುದು ಟಯರಿನ ಗಾತ್ರಕ್ಕಿಂತ ಮುಖ್ಯ. ಕಿಂಗ್ ಪಿನ್ನಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟಯರಿನ ನಡುಭಾಗದ ಹತ್ತಿರ ಬೀಳಬೇಕು. ಸ್ಪೇಸರ್ ಹಾಕಿಯೋ ಹೊರಚಾಚಿದ ರಿಮ್ ಹಾಕಿಯೋ ಟಯರನ್ನು 40, 50 ಮಿ.ಮೀ. ಹೊರಗೆ ತಳ್ಳಿದರೆ ಪ್ರತಿ ಕಲ್ಲೂ ಸನ್ನೆಕೋಲಿನಂತೆ ಸ್ಟೀರಿಂಗನ್ನು ಕಿತ್ತುಕೊಳ್ಳುತ್ತದೆ. ನೋಟಕ್ಕಾಗಿ ಹಾಕಿದ ಸ್ಪೇಸರ್ ಇದ್ದರೆ ತೆಗೆದುಬಿಡಿ. ಯಾವ ಖರ್ಚೂ ಇಲ್ಲದ ದೊಡ್ಡ ಸುಧಾರಣೆ ಅದು.

ಟಾರಿನ ಮೇಲೆ 26ರಿಂದ 28 ಪಿಎಸ್‌ಐ ಗಾಳಿ, ಕೆಸರಿನಲ್ಲಿ 15ರಿಂದ 18. ಇಳಿಸಿದ ಗಾಳಿಯಲ್ಲೇ ಮನೆಗೆ ಓಡಿಸಿದರೆ ಟಯರಿನ ಪಕ್ಕ ಬಿಸಿಯಾಗಿ ಹಾಳಾಗುತ್ತದೆ, ತಿರುವಿನಲ್ಲಿ ರಿಮ್ಮಿಂದ ಕಳಚಿಕೊಳ್ಳಲೂಬಹುದು. ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಹಂತ 5: ಕ್ಯಾಸ್ಟರ್ ಮರಳಿ ತರುವುದು

ಚಕ್ರ ನೇರವಾಗಿರಲಿ. ಮೇಲಿನ ಕಿಂಗ್ ಪಿನ್ ಕ್ಯಾಪಿನ ಸಮತಟ್ಟು ಭಾಗವನ್ನು ಉಜ್ಜಿ, ಕೋನಮಾಪಕವನ್ನು ಗಾಡಿಯ ಉದ್ದಕ್ಕೆ ಹೊಂದುವಂತೆ ಇಡಿ. ಅದೇ ಮಾಪಕವನ್ನು ಚಕ್ರದ ಪಕ್ಕ ನೆಲದ ಮೇಲಿಟ್ಟು ಕಣದ ಇಳಿಜಾರು ಎಷ್ಟಿದೆ ನೋಡಿ, ಅದನ್ನು ಕಳೆಯಿರಿ. ಕ್ಯಾಪ್ ಹಿಂದಕ್ಕೆ ಎಷ್ಟು ಇಳಿದಿದೆಯೋ ಅಷ್ಟು ಕ್ಯಾಸ್ಟರ್. ಎರಡೂ ಕಡೆ ಅಳೆಯಿರಿ. ಅರ್ಧ ಡಿಗ್ರಿ ವ್ಯತ್ಯಾಸ ಪರವಾಗಿಲ್ಲ, ಒಂದು ಡಿಗ್ರಿ ದಾಟಿದರೆ ಸ್ಪ್ರಿಂಗ್ ಅಥವಾ ಆಕ್ಸಲ್ ಬಾಗಿದೆ.

ದೊಡ್ಡ ಟಯರಿಗೆ 4ರಿಂದ 6 ಡಿಗ್ರಿ ಗುರಿಯಿರಲಿ. ಪವರ್ ಸ್ಟೀರಿಂಗ್ ಇಲ್ಲದಿದ್ದರೆ 4ರಲ್ಲೇ ನಿಲ್ಲಿಸಿ, ಅದಕ್ಕಿಂತ ಹೆಚ್ಚಾದರೆ ಹೇರ್‌ಪಿನ್ ತಿರುವಿನಲ್ಲಿ ಭುಜ ನೋಯುತ್ತದೆ.

ಕಡಿಮೆ ಬಿದ್ದಷ್ಟನ್ನು ಬೆಣೆಯಾಕಾರದ ಕ್ಯಾಸ್ಟರ್ ಶಿಮ್‌ನಿಂದ ತುಂಬಬೇಕು. ತಪ್ಪುವುದು ಇಲ್ಲೇ. ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿದ್ದರೆ ಶಿಮ್ಮಿನ ದಪ್ಪ ತುದಿ ಮುಂದಕ್ಕಿರಬೇಕು. ಸ್ಪ್ರಿಂಗನ್ನು ಆಕ್ಸಲ್ಲಿನ ಮೇಲಕ್ಕೆ ತಂದು ಎತ್ತರಿಸಿದ್ದರೆ ದಪ್ಪ ತುದಿ ಹಿಂದಕ್ಕೆ. ಉಲ್ಟಾ ಹಾಕಿದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ. ಅನುಮಾನವಿದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೂರಿಸಿದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ಹೋಗುತ್ತದೆಯೇ?

ಶಿಮ್ ಉಕ್ಕಿನದೇ ಆಗಿರಲಿ. ಅಲ್ಯೂಮಿನಿಯಂ ಶಿಮ್ ಹೊಡೆತಕ್ಕೆ ಸೀಳುತ್ತದೆ, ಸೀಳಿ ಉದುರಿದ ದಿನ ಯು ಬೋಲ್ಟ್ ನಾಲ್ಕೂ ಸಡಿಲ. ಅಗಲ ಸ್ಪ್ರಿಂಗಿನಷ್ಟೇ ಇರಬೇಕು, ನಡುವೆ ಸೆಂಟರ್ ಬೋಲ್ಟಿಗೆ ತೂತಿರಬೇಕು. ಶಿಮ್ಮಿನ ದಪ್ಪಕ್ಕೆ ತಕ್ಕಂತೆ ಸೆಂಟರ್ ಬೋಲ್ಟೂ ಉದ್ದ ಬೇಕು. ಬೋಲ್ಟಿನ ತಲೆ ಶಿಮ್ಮಿನಲ್ಲೇ ಮುಳುಗಿ ಆಕ್ಸಲ್ ಗುಳಿಗೆ ತಲುಪದಿದ್ದರೆ ಆಕ್ಸಲ್ ಜಾರುತ್ತದೆ. 6 ಡಿಗ್ರಿಗಿಂತ ದಪ್ಪ ಶಿಮ್ ಬೇಕೆನಿಸಿದರೆ ಎತ್ತರವೇ ಅತಿಯಾಗಿದೆ, ಆಗ ಆಕ್ಸಲ್ ಮೇಲಿನ ಸ್ಪ್ರಿಂಗ್ ಕೂರುವ ಪೀಠವನ್ನೇ ಕತ್ತರಿಸಿ ಹೊಸ ಕೋನದಲ್ಲಿ ಬೆಸುಗೆ ಹಾಕಬೇಕು. ಅದು ನುರಿತ ಕೈಯ ಕೆಲಸ.

ಕ್ಯಾಸ್ಟರ್ ಹೆಚ್ಚಿಸಿದಾಗ ಡಿಫರೆನ್ಷಿಯಲ್ಲಿನ ಮೂತಿ ಕೆಳಕ್ಕಿಳಿಯುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗುತ್ತದೆ. ಫ್ರೀ ವೀಲ್ ಹಬ್ (ಮುಂಚಕ್ರವನ್ನು ಶಾಫ್ಟಿನಿಂದ ಬಿಡಿಸಬಲ್ಲ ಹಬ್) ಇರುವ ಗಾಡಿಯಲ್ಲಿ ಟಾರಿನ ಮೇಲೆ ಹಬ್ ಬಿಡಿಸಿದ್ದರೆ ಇದು ಗೊತ್ತಾಗುವುದಿಲ್ಲ. ಹಬ್ ಲಾಕ್ ಮಾಡಿದಾಗ ಮಾತ್ರ ಗುಂಯ್‌ಗುಟ್ಟುವ ನಡುಕ ಬಂದರೆ ಸ್ಟೀರಿಂಗನ್ನು ಬೈಯಬೇಡಿ, ಕಾರಣ ಅದೇ ಶಾಫ್ಟ್.

ಸ್ಪ್ರಿಂಗ್ ಆಕ್ಸಲ್ಲಿನ ಮೇಲಿರುವ ಗಾಡಿಗಳಿಗೆ ಇನ್ನೊಂದು ಕಾಟ. ಘಾಟಿ ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದರೆ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚಿ ಆಕ್ಸಲ್ಲಿನ ತಲೆ ಮುಂದಕ್ಕೆ ಉರುಳುತ್ತದೆ. ನಿಂತಾಗ 4 ಡಿಗ್ರಿ ಇದ್ದ ಕ್ಯಾಸ್ಟರ್ ಆ ಕ್ಷಣಕ್ಕೆ ಇರುವುದಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ನಡುಗುವ ಗಾಡಿಯಲ್ಲಿ ಬ್ರೇಕ್ ಡಿಸ್ಕಿನ ಜೊತೆಗೆ ಇದನ್ನೂ ಅನುಮಾನಿಸಿ.

ಹಂತ 6: ಡ್ರ್ಯಾಗ್ ಲಿಂಕ್

ಅಡ್ಡಲಾಗಿ ಓಡುವ ಡ್ರ್ಯಾಗ್ ಲಿಂಕ್ ಮಟ್ಟಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಲೆಕ್ಕ ಸುಲಭ. ರಾಡ್ 5 ಡಿಗ್ರಿ ಓರೆಯಿದ್ದು ಚಕ್ರ ಗುಂಡಿಯಲ್ಲಿ 40 ಮಿ.ಮೀ. ಇಳಿದರೆ ರಾಡಿನ ತುದಿ ಪಕ್ಕಕ್ಕೆ ಸುಮಾರು 3.5 ಮಿ.ಮೀ. ಸರಿಯುತ್ತದೆ. 15 ಡಿಗ್ರಿ ಓರೆಯಾದರೆ ಅದೇ ಗುಂಡಿಗೆ 10.7 ಮಿ.ಮೀ. ಸ್ಟೀರಿಂಗ್ ಆರ್ಮ್ 150 ಮಿ.ಮೀ. ಉದ್ದ ಎಂದರೆ ನೀವು ಕೈ ಆಡಿಸದೆಯೇ ಚಕ್ರ 4 ಡಿಗ್ರಿ ತಿರುಗಿತು. ಗುಂಡಿ ಸಿಕ್ಕಿದಲ್ಲೆಲ್ಲ ಗಾಡಿ ಬದಿಗೆ ಹಾರುವುದು ಇದಕ್ಕೇ.

ಪರೀಕ್ಷಿಸಲು ಸ್ಟೀರಿಂಗನ್ನು ಒಬ್ಬರು ಗಟ್ಟಿ ಹಿಡಿಯಲಿ, ಇಬ್ಬರು ಮುಂದಿನ ಬಂಪರ್ ಮೇಲೆ ಹತ್ತಿ ಕುಣಿಯಲಿ. ಟಯರನ್ನು ಮುಂದಿನಿಂದ ನೋಡಿ. ಮೇಲೆ ಕೆಳಗೆ ಹೋಗುವಾಗ ಟಯರ್ ಎಡ ಬಲ ಮುಖ ತಿರುಗಿಸುವುದು ಬರಿಗಣ್ಣಿಗೆ ಕಂಡರೆ ರಾಡಿನ ಕೋನ ಸರಿಪಡಿಸಬೇಕು.

50 ಮಿ.ಮೀ. ಎತ್ತರಕ್ಕೆ ಅಷ್ಟೇ ಇಳಿಸಿದ ಫೋರ್ಜ್ ಮಾಡಿದ ಡ್ರಾಪ್ ಆರ್ಮ್ ಸಾಕಾಗುತ್ತದೆ. ಇರುವ ಆರ್ಮನ್ನೇ ಕಾಯಿಸಿ ಬಾಗಿಸುವುದು, ಕತ್ತರಿಸಿ ನಡುವೆ ತುಂಡು ಸೇರಿಸುವುದು, ಡ್ರ್ಯಾಗ್ ಲಿಂಕನ್ನು ಜೆಡ್ ಆಕಾರಕ್ಕೆ ಬೆಸುಗೆ ಹಾಕುವುದು, ಇವು ಲೇತ್ ಅಂಗಡಿಯಲ್ಲಿ ಅರ್ಧ ದಿನದಲ್ಲಿ ಆಗುವ ಕೆಲಸ. ಕಾಯಿಸಿದ ಉಕ್ಕು ಹದ ಕಳೆದುಕೊಳ್ಳುತ್ತದೆ, ಬೆಸುಗೆ ಒಂದು ದಿನ ಬಿಡುತ್ತದೆ. ಮಾಕುಟ್ಟ ಘಾಟಿಯ ತಿರುವಿನಲ್ಲಿ ಅದು ತುಂಡಾದರೆ ಸ್ಟೀರಿಂಗ್ ಕೈಯಲ್ಲಿ ಬರಿದೇ ತಿರುಗುತ್ತದೆ. ಸ್ಟೀರಿಂಗಿನ ಯಾವ ಭಾಗಕ್ಕೂ ಬೆಸುಗೆ ಬೇಡ.

ಎತ್ತರ 100 ಮಿ.ಮೀ. ದಾಟಿದ್ದರೆ ಡ್ರಾಪ್ ಆರ್ಮ್ ಸಾಲದು. ಲಿಂಕನ್ನು ನಕಲ್ಲಿನ ಮೇಲ್ಭಾಗಕ್ಕೆ ಜೋಡಿಸುವ ಎತ್ತರದ ಆರ್ಮ್ ಬೇಕು. ಜಾಯಿಂಟನ್ನು ಆರ್ಮಿನ ಮೇಲ್ಬದಿಯಿಂದ ಕೂರಿಸುವುದಾದರೆ ತೂತನ್ನು ಟೇಪರ್ ರೀಮರ್‌ನಿಂದಲೇ ಕೊರೆಯಿಸಬೇಕು. ನೇರ ಡ್ರಿಲ್ ಹೊಡೆದ ತೂತಿನಲ್ಲಿ ಟೇಪರ್ ಪಿನ್ ಗೆರೆಯಷ್ಟೇ ಜಾಗದಲ್ಲಿ ತಾಗಿ ಅಲ್ಲೇ ಕಡಿಯುತ್ತದೆ.

ಈ ಹಂತದಲ್ಲೇ ಬ್ರೇಕ್ ಪೈಪ್ ನೋಡಿಬಿಡಿ. ಚಾಸಿಯನ್ನು ಎತ್ತಿ ಆಕ್ಸಲ್ಲನ್ನು ಪೂರ್ತಿ ನೇತುಬಿಡಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ರಬ್ಬರ್ ಪೈಪ್ ಎಲ್ಲೂ ಬಿಗಿಯಾಗಬಾರದು, ಟಯರಿಗೆ ಉಜ್ಜಬಾರದು. ಬಿಗಿಯಾದರೆ ಉದ್ದದ್ದು ಹಾಕಿ. ಶಾಕ್ ಅಬ್ಸಾರ್ಬರ್ ಕೂಡ ಅಷ್ಟೇ: ಎತ್ತರಿಸಿದ ಗಾಡಿಗೆ ಮೂಲ ಶಾಕ್ ಚಿಕ್ಕದಾಗಿ, ಆಕ್ಸಲ್ ನೇತಾಡುವ ಮಿತಿಯೇ ಶಾಕ್ ಆಗಿಬಿಡುತ್ತದೆ, ಬೇಗ ಸೋರುತ್ತದೆ.

ಹಂತ 7: ಟೋ ಅಳತೆ

ಮುಂದಿನ ಎರಡು ಚಕ್ರಗಳ ಮೂಗು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎನ್ನುವುದೇ ಟೋ. ಮುಂದಿನ ಚಕ್ರ ಎತ್ತಿ, ಟಯರ್ ತಿರುಗಿಸುತ್ತಾ ಅದರ ನಡುವಿನ ರಬ್ಬರ್ ಉಬ್ಬುಗಳ ಮೇಲೆ ಸೀಮೆಸುಣ್ಣ ಬಳಿಯಿರಿ. ಮೊಳೆಯನ್ನು ಒಂದು ಮರದ ತುಂಡಿಗೆ ಹೊಡೆದು ನೆಲದ ಮೇಲೆ ಅಲುಗದಂತೆ ಹಿಡಿದು, ಮತ್ತೆ ಟಯರ್ ತಿರುಗಿಸಿದರೆ ಸುತ್ತಲೂ ಒಂದು ತೆಳು ಗೆರೆ ಬೀಳುತ್ತದೆ. ಎರಡೂ ಟಯರಿಗೆ ಮಾಡಿ. ಗಾಡಿ ಇಳಿಸಿ, ಸ್ಪ್ರಿಂಗ್ ಕೂರಲೆಂದು ಎರಡು ಮೂರು ಮೀಟರ್ ಮುಂದಕ್ಕೆ ತಳ್ಳಿ. ಹಿಂದಕ್ಕೆ ತಳ್ಳಬೇಡಿ. ಹಬ್ಬಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಟಯರಿನ ಮುಂಭಾಗದಲ್ಲಿ ಅಳೆಯಿರಿ, ಅನಂತರ ಹಿಂಭಾಗದಲ್ಲಿ. ಮುಂದಿನ ಅಂತರ ಹಿಂದಿನದಕ್ಕಿಂತ 2ರಿಂದ 4 ಮಿ.ಮೀ. ಕಡಿಮೆ ಇರಬೇಕು.

ಟೈ ರಾಡ್ ಆಕ್ಸಲ್ಲಿನ ಹಿಂದಿದ್ದರೆ ಅದನ್ನು ಉದ್ದ ಮಾಡಿದಷ್ಟೂ ಚಕ್ರದ ಮೂಗು ಒಳಕ್ಕೆ ಬರುತ್ತದೆ. ಮುಂದಿದ್ದರೆ ಉಲ್ಟಾ. ಲಾಕ್ ನಟ್ ಬಿಗಿಯುವಾಗ ಎರಡೂ ಬಾಲ್ ಜಾಯಿಂಟ್ ತಮ್ಮ ಆಟದ ನಡುವಿನಲ್ಲಿರಲಿ. ಎಳೆ ಒಳಗೆ ಕೂತಿರುವ ಉದ್ದ ಅದರ ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆಯಾಗಕೂಡದು.

ಟೋ ಮುಗಿದ ಮೇಲೆ ಸ್ಟೀರಿಂಗ್ ಓರೆಯಾಗಿ ನಿಂತಿದ್ದರೆ ಸ್ಟೀರಿಂಗ್ ಚಕ್ರವನ್ನೇ ಕಿತ್ತು ಬೇರೆ ಹಲ್ಲಿಗೆ ಕೂರಿಸಬೇಡಿ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅರ್ಧಕ್ಕೆ ತಂದು, ಆ ಜಾಗದಲ್ಲಿ ಟಯರ್ ನೇರವಾಗುವ ಹಾಗೆ ಡ್ರ್ಯಾಗ್ ಲಿಂಕಿನ ಉದ್ದ ಸರಿಪಡಿಸಿ. ಬಾಕ್ಸಿನೊಳಗೆ ಅತಿ ಕಡಿಮೆ ಅಲ್ಲಾಟ ಇರುವುದು ನಡು ಜಾಗದಲ್ಲಿ ಮಾತ್ರ. ನಡು ತಪ್ಪಿದರೆ ನೇರ ರಸ್ತೆಯಲ್ಲಿ ಸದಾ ಸಡಿಲ ಜಾಗದಲ್ಲೇ ಓಡಿಸಿದಂತೆ.

ಹಂತ 8: ಬಾಕ್ಸು, ಆಮೇಲೆ ಡ್ಯಾಂಪರ್

ಇಷ್ಟೆಲ್ಲ ಆದ ಮೇಲೂ ಸ್ಟೀರಿಂಗ್ ಅಂಚಿನಲ್ಲಿ 30 ಮಿ.ಮೀ.ಗಿಂತ ಹೆಚ್ಚು ಆಟವಿದ್ದರೆ ಬಾಕ್ಸಿಗೆ ಕೈ ಹಾಕಿ. ಮೊದಲು ಎಣ್ಣೆ ನೋಡಿ. ಪವರ್ ಇಲ್ಲದ ಬಾಕ್ಸಿಗೆ 90 ನಂಬರ್ ಗೇರ್ ಎಣ್ಣೆ. ಡ್ರ್ಯಾಗ್ ಲಿಂಕ್ ಬಿಚ್ಚಿ, ಸ್ಟೀರಿಂಗ್ ನಡುವಿಗೆ ತಂದು, ಬಾಕ್ಸಿನ ಮೇಲಿನ ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿಯಿರಿ. ಸ್ಕ್ರೂ ಕದಲದಂತೆ ಹಿಡಿದು ನಟ್ ಬಿಗಿದು, ಒಂದು ಕೊನೆಯಿಂದ ಇನ್ನೊಂದಕ್ಕೆ ತಿರುಗಿಸಿ ನೋಡಿ. ನಡುವೆ ಎಲ್ಲಾದರೂ ಸಿಕ್ಕಿಕೊಂಡಂತಾದರೆ ಅರ್ಧ ಹಿಂದಕ್ಕೆ. ಹೀಗೆ ಎರಡು ಮೂರು ಸಲಕ್ಕೂ ಸರಿಯಾಗದಿದ್ದರೆ ಒಳಗಿನ ಬೇರಿಂಗ್ ಅಥವಾ ಹಲ್ಲು ಸವೆದಿದೆ, ಸ್ಕ್ರೂ ತಿರುಗಿಸುತ್ತಾ ಹೋದರೆ ಬಾಕ್ಸ್ ಹಿಡಿದುಕೊಳ್ಳುತ್ತದೆ.

ಡ್ಯಾಂಪರ್ ಕೆಲಸ ಕಲ್ಲಿನ ಹೊಡೆತ ಕೈಗೆ ಬಾರದಂತೆ ತಡೆಯುವುದು. ನಡುಕಕ್ಕೆ ಅದು ಔಷಧಿಯಲ್ಲ. ಡ್ಯಾಂಪರ್ ಬಿಚ್ಚಿಟ್ಟೇ ಗಾಡಿ 60ರಲ್ಲಿ ನೆಟ್ಟಗೆ ಓಡಬೇಕು, ಆಮೇಲೆ ಹಾಕಿ. ಕೂರಿಸುವಾಗ ಎರಡೂ ಕೊನೆಗೆ ತಿರುಗಿಸಿದಾಗ ಅದು ಪೂರ್ತಿ ಚಾಚಿಯೋ ಪೂರ್ತಿ ಒತ್ತಿಯೋ ತಡೆಯಾಗದಂತೆ ನೋಡಿಕೊಳ್ಳಿ.

ಥಾರ್ ಸಿಆರ್‌ಡಿಇ ಇದ್ದವರಿಗೆ

ಮುಂದೆ ಟಾರ್ಷನ್ ಬಾರ್ ಇರುವುದರಿಂದ ಬೋಲ್ಟ್ ತಿರುಗಿಸಿದರೆ ಗಾಡಿ ಏರುತ್ತದೆ, ಸುಲಭ ಎನಿಸುತ್ತದೆ. ಬಾರ್ ಗಟ್ಟಿಯಾಗುವುದಿಲ್ಲ, ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಏರಿಸಿದಷ್ಟೂ ಚಕ್ರ ಕೆಳಗಿಳಿಯಲು ಉಳಿದ ಜಾಗ ಕಡಿಮೆ, ಗುಂಡಿ ಬಂದಾಗ ಮೇಲಿನ ತೋಳು ತಡೆಗೆ ಟಕ್ ಎಂದು ಬಡಿಯುತ್ತದೆ. ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ರಬ್ಬರ್ ಬೂಟು ಹರಿಯುತ್ತದೆ. 25, ಹೆಚ್ಚೆಂದರೆ 35 ಮಿ.ಮೀ.ಗೆ ನಿಲ್ಲಿಸಿ. ಏರಿಸಿದ ಮೇಲೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್, ಟೋ ಮೂರೂ ಬದಲಾಗಿರುತ್ತವೆ, ಕಣದ ಮೇಲೆ ಟೇಪು ಹಿಡಿದರೆ ಸಾಲದು. ಯಂತ್ರದ ಅಲೈನ್‌ಮೆಂಟ್ ಬೇಕೇ ಬೇಕು.

ಓಡಿಸಿ ನೋಡುವುದು

ಮೊದಲು ಖಾಲಿ ದಾರಿಯಲ್ಲಿ 20ರ ವೇಗದಲ್ಲಿ ಸ್ಟೀರಿಂಗನ್ನು ಕಾಲು ಸುತ್ತು ತಿರುಗಿಸಿ ಹಿಡಿತ ಸಡಿಲಿಸಿ: ತಾನಾಗಿ ನೇರಕ್ಕೆ ಬರಬೇಕು. ನಂತರ 40. ವಾಹನ ಕಡಿಮೆ ಇರುವ ಬೆಳಗಿನ ಹೊತ್ತು, ನೇರವಾದ ರಸ್ತೆಯಲ್ಲಿ 50, 60. ಪ್ರತಿ ವೇಗದಲ್ಲೂ ಒಮ್ಮೆ ಮೆಲ್ಲಗೆ ಬ್ರೇಕ್ ಒತ್ತಿ ಎಳೆತ ಇದೆಯೇ ನೋಡಿ. ಘಾಟಿಯನ್ನು ಇವೆಲ್ಲ ಆದ ಮೇಲೆ ಇಳಿಯಿರಿ.

ನಡುಕ ಶುರುವಾದರೆ ಬ್ರೇಕನ್ನು ತುಳಿಯಬೇಡಿ, ಸ್ಟೀರಿಂಗ್ ಜೊತೆ ಗುದ್ದಾಡಬೇಡಿ. ಎರಡೂ ಕೈಯಲ್ಲಿ ಹಿಡಿದು ಎಕ್ಸಲೇಟರ್ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಿ, ಬದಿಗೆ ನಿಲ್ಲಿಸಿ. ಕಲ್ಲು ದಾರಿಯಲ್ಲಿ ಹೆಬ್ಬೆರಳುಗಳನ್ನು ಸ್ಟೀರಿಂಗಿನ ಕಡ್ಡಿಗಳ ಒಳಗೆ ಸೇರಿಸಬೇಡಿ. ಪವರ್ ಇಲ್ಲದ ಸ್ಟೀರಿಂಗ್ ಒದ್ದರೆ ಬೆರಳು ಮುರಿಯುತ್ತದೆ.

ಮಳೆಗಾಲದ ಲೆಕ್ಕ

ತೋಡು ದಾಟಿದ, ಹಬ್ ಮುಳುಗಿದ ಪ್ರತಿ ದಿನದ ಮರುದಿನ ಗ್ರೀಸ್ ನಿಪ್ಪಲ್ ಇರುವ ಕಡೆಯೆಲ್ಲ ಹಳೆಯ ಗ್ರೀಸ್ ಹೊರಬರುವವರೆಗೆ ಪಂಪ್ ಮಾಡಿ. ನೀರು ಮೊದಲು ಬರುತ್ತದೆ, ಗ್ರೀಸ್ ಆಮೇಲೆ. ಒಣ ದಿನಗಳಲ್ಲಿ 1000 ಕಿ.ಮೀ.ಗೊಮ್ಮೆ ಸಾಕು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ (ಆಯುಧ ಪೂಜಿಸುವ ಕೊಡವ ಹಬ್ಬಕ್ಕೆ) ಗಾಡಿ ಹೇಗೂ ತೊಳೆಯುತ್ತೀರಿ, ಆಗಲೇ ಅಡಿಯಲ್ಲಿ ಮಲಗಿ ಹಂತ 1ರ ಬೆರಳು ಪರೀಕ್ಷೆ ಮಾಡಿಬಿಡಿ. ಜಿಗಣೆ ಹತ್ತದಂತೆ ಕಾಲ್ಚೀಲಕ್ಕೆ ಸ್ವಲ್ಪ ಸುಣ್ಣವೋ ಉಪ್ಪೋ ಸವರಿಕೊಂಡರೆ ನಿಧಾನವಾಗಿ ನೋಡಲು ತಾಳ್ಮೆ ಬರುತ್ತದೆ.

ಬಿಗಿದ ಪ್ರತಿ ನಟ್ಟಿಗೂ ಬೋಲ್ಟಿಗೂ ಸೇರಿಸಿ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ನಟ್ ಕದಲಿದ್ದರೆ ಗೆರೆ ಮುರಿದಿರುತ್ತದೆ, ಸ್ಪ್ಯಾನರ್ ಹಿಡಿಯದೆಯೇ ಕಾಣುತ್ತದೆ. ಕಿಂಗ್ ಪಿನ್ನಿನ ತಕ್ಕಡಿ ಅಂಕಿ, ಕ್ಯಾಸ್ಟರ್, ಟೋ, ಶಿಮ್ಮಿನ ದಪ್ಪ, ತಾರೀಖು ಇವನ್ನು ತೋಟದ ಲೆಕ್ಕದ ಪುಸ್ತಕದಲ್ಲೇ ಒಂದು ಪುಟದಲ್ಲಿ ಬರೆದಿಡಿ. ಮುಂದಿನ ಅಕ್ಟೋಬರ್‌ನಲ್ಲಿ ಕಣದ ಮೇಲೆ ಮತ್ತೆ ಅಳೆದಾಗ ಯಾವ ಅಂಕಿ ಸರಿದಿದೆಯೋ ಅಲ್ಲಿಂದಲೇ ಬಿಚ್ಚಲು ಶುರು ಮಾಡಬಹುದು.